ಮದಾರಬೀ ನಿಲ್ಲಿಸಿದ ಕತ್ತರಿಗಾಲು

ಸಿರುಗುಪ್ಪದ ಮದಾರಬೀ ಬಡಗಿಯ ಮಗಳು, ತಾವೂ ಬಡಗಿ. ಬಾಗಿಲು, ಚೌಕಟ್ಟು ಎಲ್ಲ ಬಡಗಿಗಳೂ ಮಾಡುತ್ತಾರೆ, ಅವರೂ ಮಾಡುತ್ತಾರೆ. ಆದರೆ ಅವರ ಮನಸ್ಸು ಹಿಡಿದ ಕೆಲಸವನ್ನು ನೋಡಬೇಕಾದರೆ ಕಾಲುವೆಗೆ ಇಳಿಯಬೇಕು, ಬಗ್ಗಿ ಸೇತುವೆಯ ಹೊಟ್ಟೆಯ ಕೆಳಗೆ ಕಣ್ಣು ಹಾಯಿಸಬೇಕು.

ಬಳ್ಳಾರಿಯ ಗಾಂಧಿನಗರದಲ್ಲಿ ನಮ್ಮ ಓಣಿಯ ಮಠಕ್ಕೆ ಹೊಸ ಬಾಗಿಲು ಕೂಡಿಸಲು ಅವರು ಬಂದಿದ್ದರು. ಬೆಳಗಿನ ಪೂಜೆಗೆ ಹೋದವಳು ನಾನು ಕಟ್ಟೆಯ ಮೇಲೆ ಕೂತುಬಿಡುತ್ತಿದ್ದೆ. ಅವರು ಮರಕ್ಕೆ ಉಳಿ ಇಡುವಾಗ ತುಟಿಯಲ್ಲೇ ಬಿಸ್ಮಿಲ್ಲಾ ಅನ್ನುತ್ತಿದ್ದರು, ಆಮೇಲೆ ಮಾತಿಗೆ ತೊಡಗುತ್ತಿದ್ದರು. ಹಾಗೆ ಕೇಳಿದ್ದು ಈ ಕಥೆ. ನಂತರ ದೇಶನೂರಿಗೂ ಹೋಗಿ ಅಲ್ಲಿಯವರನ್ನು ಕೇಳಿದೆ. ಅವರು ಇನ್ನೂ ಜಾಸ್ತಿ ಹೇಳಿದರು.

ಮದಾರಬೀ ಅವರ ತಂದೆ ಮಾಬುಸಾಬ್ ಬಂಡಿ ಮಾಡುತ್ತಿದ್ದರು. ಬಂಡಿಗಳು ಕಡಿಮೆಯಾದ ಮೇಲೆ ಕಾಲುವೆಯ ಸೇತುವೆಗಳತ್ತ ತಿರುಗಿದರು. ಭತ್ತದ ಸೀಮೆಯಲ್ಲಿ ಹೊಲಕ್ಕೆ ಹೋಗುವ ದಾರಿಗಳಿಗೆಲ್ಲ ಹಾಸುಬಂಡೆಯ ಹಳೆಯ ಸೇತುವೆಗಳಿವೆ. ಒಂದು ಕಲ್ಲಿನ ಕಂಬ ಕುಸಿದರೆ ಸಾಕು, ಮೇಲಿನ ಬಂಡೆ ಬಾಯಿ ಬಿಡುತ್ತದೆ. ಹೊಸ ಸೇತುವೆ ಬರುವವರೆಗೆ ಅದನ್ನು ಮರದ ಕಾಲು ಕೊಟ್ಟು ಎತ್ತಿ ಹಿಡಿಯಬೇಕು. ಅಗಲಿಸಿ ನಿಲ್ಲಿಸಿದ ಕತ್ತರಿಯ ಹಾಗೆ, ಬುಡದಲ್ಲಿ ದೂರ ಸರಿದು ಮೇಲೆ ಹತ್ತಿರವಾಗುವ ಎರಡು ದಪ್ಪ ಕಂಬಗಳು. ಅವುಗಳ ನೆತ್ತಿಗೆ ಒಂದು ತಲೆಮರ. ಒಂದು ಕಂಬದಿಂದ ಇನ್ನೊಂದಕ್ಕೆ ತೂರಿಸಿದ ಅಡ್ಡಪಟ್ಟಿಗಳು. ಮಾಬುಸಾಬ್ ಅವರ ಮನೆಯಲ್ಲಿ ಇದಕ್ಕೆ ಕತ್ತರಿಗಾಲು ಅನ್ನುತ್ತಾರೆ. ಇಂಥವನ್ನು ಸಾಲಾಗಿ ನಿಲ್ಲಿಸಿದರೆ ಅದರ ಮೇಲೆ ಟ್ರ್ಯಾಕ್ಟರೂ ಹೋಗುತ್ತದೆ.

ದಿಮ್ಮಿ ಕೊಯ್ಯುವ ಉದ್ದನೆಯ ಗರಗಸಕ್ಕೆ ಎರಡು ಕಡೆ ಆಳು ಬೇಕು. ಗಂಡುಮಕ್ಕಳಿಲ್ಲದ ಮನೆ. ಇನ್ನೊಂದು ತುದಿಯನ್ನು ಮಗಳು ಹಿಡಿದಳು.

"ದಬ್ಬಬ್ಯಾಡ ಬೇಟಿ, ಬರೇ ಎಳಿ. ದಬ್ಬಿದ್ರ ಗರಗಸ ಮುನಿಸ್ಕೊಂತೈತಿ" ಎಂದು ಮಾಬುಸಾಬ್ ಹೇಳಿಕೊಟ್ಟ ಮೊದಲ ಪಾಠವನ್ನು ಮದಾರಬೀ ಈಗಲೂ ಅವರ ದನಿಯಲ್ಲೇ ಹೇಳಿ ನಗುತ್ತಾರೆ. ಮದುವೆಯಾದ ಮೇಲೂ ಅವರು ತಂದೆಯ ಕೆಲಸ ಬಿಡಲಿಲ್ಲ. ಗಂಡ ರಫೀಕ್ ಬಾಡಿಗೆಗೆ ಟ್ರ್ಯಾಕ್ಟರ್ ಓಡಿಸುವವರು, ತಮಾಷೆಯ ಮನುಷ್ಯ. "ಹೆಂಡ್ತಿ ಕೊಡ್ತಾರ ಅಂತ ಹೋಗಿದ್ದೆ, ಉಳಿ ಸುತ್ತಿಗಿ ಕೊಟ್ಟು ಕಳಿಸಿದ್ರು" ಎಂದು ಬಂದವರ ಮುಂದೆಲ್ಲ ಅನ್ನುತ್ತಾರೆ. ಆದರೆ ಮರ ಸಾಗಿಸುವ ಕೆಲಸ ಬಂದರೆ ಬೇರೆ ಬಾಡಿಗೆ ಬಿಟ್ಟು ಮೊದಲು ಹೆಂಡತಿಯ ಮರ ಸಾಗಿಸುತ್ತಾರೆ.

ಇಷ್ಟೆಲ್ಲ ಮಾಡಿದರೂ ಹೊರಗಿನವರಿಗೆ ಅವರು ಮಾಬುಸಾಬ್ ಅವರ ಕೈಯಾಳು ಅಷ್ಟೇ. ಸೇತುವೆ ಯಾರದೆಂದು ಕೇಳಿದರೆ ಮಾಬುಸಾಬ್‌ದು ಅನ್ನುತ್ತಿದ್ದರು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಎರಡು ವರ್ಷದ ಕೆಳಗೆ ದೇಶನೂರಿನ ಕಾಲುವೆಯ ಸೇತುವೆಯ ನಡುಗಂಬ ಕುಸಿಯಿತು. ಆಚೆ ದಂಡೆಯ ಭತ್ತದ ಗದ್ದೆಗಳಿಗೆಲ್ಲ ಅದೊಂದೇ ದಾರಿ. ಹೊಸ ಸೇತುವೆ ಮಂಜೂರಾಗಿತ್ತು, ಕಟ್ಟುವುದು ಮುಂದಿನ ಬೇಸಿಗೆಗೆ. ಅಷ್ಟರಲ್ಲಿ ಒಂದು ನಾಟಿ, ಒಂದು ಕೊಯ್ಲು ದಾಟಬೇಕು. ಆಚೆ ದಂಡೆಯಲ್ಲಿ ಗದ್ದೆ ಇದ್ದ ಕಾಡಸಿದ್ದಪ್ಪ ಮಾಬುಸಾಬ್ ಅವರನ್ನು ಕರೆಯಲು ಸಿರುಗುಪ್ಪಕ್ಕೆ ಬಂದರು. ಅವರು ಹುಟ್ಟಿದ್ದು ರೂಪನಗುಡಿಯ ಮಳೆ ನಂಬಿದ ಹೊಲಗಳ ನಡುವೆ, ದೇಶನೂರಿಗೆ ಬಂದಿದ್ದು ಮನೆ ಅಳಿಯನಾಗಿ. ದೊಡ್ಡ ದನಿ, ಅಷ್ಟೇ ದೊಡ್ಡ ಮನಸ್ಸು.

ಮಾಬುಸಾಬ್ ಮಂಚದಿಂದ ಎದ್ದು ನಿಲ್ಲಲಿಲ್ಲ. ಮೊಣಕಾಲು ಹಿಡಿದುಹೋಗಿದ್ದವು. "ನಾ ಬರಾಂಗಿಲ್ಲ ಸಿದ್ದಪ್ಪ. ಆಕಿ ಬರ್ತಾಳ" ಅಂದರು.

"ನೀ ಏನೂ ಮಾಡಬ್ಯಾಡೋ ಮಾರಾಯಾ. ದಂಡಿ ಮ್ಯಾಲ ಒಂದು ಕುರ್ಚಿ ಹಾಕಿಸ್ತೀನಿ, ಕುಂತ್ಕೊಂಡು ಚಾ ಕುಡಿ. ಮಂದಿಗೆ ಒಂದು ಧೈರ್ಯ ಇರ್ತೈತಿ."

"ನಾ ದಂಡಿ ಮ್ಯಾಲ ಕುಂತ್ರ ಅದು ನನ್ನ ಸೇತುವೆ ಆಕ್ಕೈತಿ. ಆಕಿದು ಯಾವಾಗ ಆಗಬೇಕು?"

ಕಾಡಸಿದ್ದಪ್ಪ ತಲೆ ಕೆರೆದುಕೊಂಡರು. ಆಮೇಲೆ ಒಳಗೆ ಚಹಾ ಸೋಸುತ್ತಿದ್ದ ಮದಾರಬೀ ಅವರಿಗೆ ಕೇಳುವ ಹಾಗೆ ಹೇಳಿದರು: "ಕೇಳಿಲ್ಲೆ ಮಗಳ. ಇದು ನಿಂತ್ರ ಸುತ್ತ ಹತ್ತೂರಾಗ ನಿನ್ನ ಕರೀತಾರ. ಬಿತ್ತಂದ್ರ ಆಚೀ ದಂಡಿ ನಾಟಿ ಹೋತು, ನಿನಗ ಇನ್ನ ಕಾಲುವಿ ಕೆಲಸ ಯಾರೂ ಕೊಡಾಂಗಿಲ್ಲ. ನಾನೂ ಕೊಡಾಂಗಿಲ್ಲ, ಮೊದಲ ಹೇಳ್ತೀನಿ."

"ಸರಿ ಕಾಕಾ. ಚಾ ತಗೋರಿ" ಅಂದರು ಮದಾರಬೀ.

ಕಾಲುವೆಯ ನೀರು ನಿಲ್ಲಿಸಿದ ಮೇಲೆ ಕೆಲಸ ಶುರುವಾಯಿತು. ಕಾಡಸಿದ್ದಪ್ಪ ತಮ್ಮ ಬದುವಿನ ಕರಿಜಾಲಿಯ ಮರಗಳನ್ನು ಹಿಂದಿನ ವರ್ಷವೇ ಕಡಿಸಿ ಒಣಗಿಸಿದ್ದರು, ಅವನ್ನೇ ಕೊಟ್ಟರು. ಕರಿಜಾಲಿ ನೀರಿಗೆ ಹೆದರದ ಮರ. ಬಳ್ಳಾರಿಯಿಂದ ಇಂಜಿನಿಯರ್ ಹೇಮಾ ಬಂದು ಕಾಲುವೆಯ ತಳ ಅಗೆಸಿ ನೋಡಿದರು, ಕಾಲಿನ ಬುಡಕ್ಕೆ ಎಷ್ಟು ಅಗಲದ ಬಂಡೆ ಇಡಬೇಕೆಂದು ಲೆಕ್ಕ ಹಾಕಿ ಕೊಟ್ಟರು. ನೀರು ನುಗ್ಗಿ ಬರುವ ದಿಕ್ಕಿಗೆ ಇನ್ನೊಂದು ಊರುಗೋಲು ಕೊಡಿ ಎಂದೂ ಹೇಳಿದರು. ಮದಾರಬೀ ಯೋಚಿಸಿ ನೋಡಿದರು, ಸರಿ ಅನಿಸಿತು, ಕೊಟ್ಟರು. "ಅಪ್ಪ ಹಂಗ ಕೊಡ್ತಿರಲಿಲ್ಲ. ಆ ಹುಡುಗಿ ಹೇಳಿದ್ದು ಚಲೋ ಇತ್ತು, ಈಗ ಎಲ್ಲಾ ಕಡಿ ಹಂಗ ಕೊಡ್ತೀನಿ" ಎಂದು ನನಗೆ ಹೇಳಿದರು.

ಕತ್ತರಿಗಾಲಿನ ಜೀವ ಇರುವುದು ಬೆಣೆಯಲ್ಲಿ. ಅಡ್ಡಪಟ್ಟಿ ಕಂಬದ ತೂತಿನಿಂದ ಆಚೆ ಹೊರಬರುತ್ತದೆ. ಆ ತುದಿಯಲ್ಲಿ ಒಂದು ಸೀಳುತೂತು, ಅದರಲ್ಲಿ ಒಂದು ಮರದ ಬೆಣೆ. ಬೆಣೆ ಜಾರಿದರೆ ಎಲ್ಲ ಜಾರಿತು. ಆದರೂ ನೀರಿಗೆ ನಿಲ್ಲಿಸುವ ಕಾಲಿನ ಬೆಣೆಯನ್ನು ಮಾಬುಸಾಬ್ ಯಾವತ್ತೂ ಬಡಿದು ಕೂಡಿಸಿದವರಲ್ಲ. ಕೈಯಿಂದ ತೂರಿಸಿ, ಬೆರಳಿಗೆ ಅಲುಗುವಷ್ಟು ಸಡಿಲ ಬಿಡುತ್ತಿದ್ದರು. ನೀರು ಬಂದ ಮೇಲೆ ಒಣಮರ ಕುಡಿಯುತ್ತದೆ, ಉಬ್ಬುತ್ತದೆ, ತಾನೇ ಬಿಗಿಯುತ್ತದೆ. ಮೊದಲೇ ಬಡಿದು ಬಿಗಿದಿದ್ದರೆ ಉಬ್ಬಲು ಜಾಗ ಸಿಗದೆ ಅಡ್ಡಪಟ್ಟಿಯ ತುದಿ ಸೀಳಿಹೋಗುತ್ತದೆ. ಅದಕ್ಕೇ ನೀರು ಬಂದ ಮಾರನೆಯ ದಿನದವರೆಗೆ ಮೇಲೆ ಭಾರ ಬಿಡುತ್ತಿರಲಿಲ್ಲ.

ಮದಾರಬೀ ಹಾಗೇ ಮಾಡಿದರು. ಎಲ್ಲ ಕಾಲು ನಿಂತು, ತಲೆಮರಗಳು ಬಂಡೆಗೆ ಮುಟ್ಟಿದ ದಿನ ಕಾಡಸಿದ್ದಪ್ಪನವರಿಗೆ, "ಕಾಕಾ, ನಾ ಹೇಳೋ ತನಕ ಮ್ಯಾಲ ಬಂಡಿ, ಟ್ರ್ಯಾಕ್ಟರ್ ಬಿಡಬ್ಯಾಡ್ರಿ" ಎಂದು ಹೇಳಿ, ಮೊಹರಮ್ಮಿನ ಪೀರಲ ಹಬ್ಬಕ್ಕೆ ಕುರುಗೋಡಿನಲ್ಲಿದ್ದ ಮಗಳು ಸಾಜಿಯಾಳ ಮನೆಗೆ ಹೋದರು.

ಮೇಲಿನ ಮಾತು ಹೇಳಿದರು, ಕೆಳಗಿನ ಬೆಣೆಯ ಮಾತು ಹೇಳಲಿಲ್ಲ. ಕೆಳಗೆ ಯಾರು ಇಳಿಯುತ್ತಾರೆ? ಆದರೆ ಆ ದಿನಗಳಲ್ಲಿ ಇಳಿಯದವರೇ ಇರಲಿಲ್ಲ. ಮೇಲೆ ದಾರಿ ಮುಚ್ಚಿದ್ದರಿಂದ ಆಚೆಯವರು ಈಚೆ ಬರಲು ಒಣಗಿದ ಕಾಲುವೆಯೊಳಗೇ ನಡೆಯುತ್ತಿದ್ದರು. ಹಬ್ಬಕ್ಕೆ ಬರುವವರು, ಪೀರಗಳಿಗೆ ಹರಕೆಯ ಸಕ್ಕರೆ ತರುವವರು, ಸಸಿಮಡಿ ನೋಡಲು ಹೋಗುವವರು, ಎಲ್ಲರೂ ಕತ್ತರಿಗಾಲಿನ ನಡುವೆ ಹಾದು ಹೋಗುವವರೇ. ಒಕ್ಕಲುತನದ ಮನೆಯಲ್ಲಿ ಹುಟ್ಟಿದ ಕೈಗೆ ಒಂದು ಗುಣ ಇರುತ್ತದೆ: ಸಡಿಲವಾದ ಬೆಣೆ ಕಂಡರೆ ಅದು ಸುಮ್ಮನಿರುವುದಿಲ್ಲ. ಯಾರದೇ ಕೂರಿಗೆ ಇರಲಿ, ಯಾರದೇ ಬಂಡಿ ಇರಲಿ, ಹಾದು ಹೋಗುವಾಗ ಒಂದು ಕಲ್ಲು ತೆಗೆದುಕೊಂಡು ಒಂದು ಏಟು ಹಾಕಿ ಮುಂದೆ ಹೋಗುತ್ತಾರೆ. ಕೇಳಿ ಮಾಡುವುದಲ್ಲ, ಹೇಳಿಕೊಳ್ಳುವುದೂ ಅಲ್ಲ. ದಾರಿಯಲ್ಲಿ ಬಿದ್ದ ಮುಳ್ಳನ್ನು ಬದಿಗೆ ಸರಿಸಿದ ಹಾಗೆ.

ಹಬ್ಬ ಮುಗಿದ ಮರುದಿನ ಕಾಡಸಿದ್ದಪ್ಪ ಫೋನ್ ಮಾಡಿದರು. ಮೇಲೆ ನೀರು ಬಿಟ್ಟಿದ್ದಾರೆ, ಊಟದ ಹೊತ್ತಿಗೆಲ್ಲ ದೇಶನೂರಿಗೆ ಮುಟ್ಟುತ್ತದೆ. ಮದಾರಬೀ ರಫೀಕ್ ಅವರ ಬೈಕಿನ ಹಿಂದೆ ಕೂತು ಬೆಳಿಗ್ಗೆಯೇ ಬಂದರು. ಕಾಲುವೆಗೆ ಇಳಿದು ಮೊದಲ ಕಾಲಿನ ಹತ್ತಿರ ನಿಂತವರು ಹಾಗೇ ನಿಂತುಬಿಟ್ಟರು. ಬೆಣೆಯ ತಲೆ ಜಜ್ಜಿಹೋಗಿ ಕಸಬರಿಗೆಯ ಹಾಗಾಗಿತ್ತು. ಎರಡನೆಯದೂ ಹಾಗೇ. ಎಲ್ಲವೂ ಹಾಗೇ. ಬೆರಳಿಗಿರಲಿ, ಸುತ್ತಿಗೆಗೂ ಅಲುಗುತ್ತಿರಲಿಲ್ಲ.

"ಯಾರು ಬಡಿದಾರ ಇವನ್ನ?"

ದಂಡೆಯ ಮೇಲಿದ್ದ ಕಾಡಸಿದ್ದಪ್ಪ ಹೆಮ್ಮೆಯಿಂದಲೇ ಹೇಳಿದರು: "ನಾನ ಬಡಿದೀನಿ. ಹಬ್ಬದ ಅವಸರದಾಗ ನೀ ಸಡ್ಲ ಬಿಟ್ಟು ಹೋಗಿದ್ದಿ. ಇರ್ಲಿ ಬಿಡು, ಮನಿ ಮಗಳು ಮರತ್ರ ಹಿರ್ಯಾರು ನೋಡಬೇಕಲ್ಲ."

"ನೀವೊಬ್ರ ಏನು ಎಲ್ಲಾನೂ?"

"ಅಲ್ಲವಾ, ನನಗ ಮೂಲೀ ಕಾಲಿಂದಷ್ಟ ಸಿಕ್ತು. ಉಳದದ್ದು ಬ್ಯಾರೆ ಯಾರೋ ಆಗಲೇ ಬಿಗಿ ಮಾಡಿದ್ರು."

ನಾಟಿ ಹೆಂಗಸರ ಗುಂಪಿನ ಮುಂದಾಳು ಹೊನ್ನೂರಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು. "ನಾನೂ ಒಂದೇಟು ಹಾಕೀನಿ ನೋಡು. ದೇವುಡಾ, ಇಷ್ಟು ಮಂದಿ ದಾಟೋ ಜಾಗ, ನನ್ನ ಕೈಲೆ ಒಂದೀಟು ಸೇವಾ ಆಗ್ಲಿ ಅಂದೆ." ಅವರ ಹಿಂದಿನಿಂದ ಒಬ್ಬೊಬ್ಬರೇ ಬಾಯಿ ಬಿಟ್ಟರು. ಒಬ್ಬಳು ಎರಡು ಬಡಿದಿದ್ದಳು. ಒಬ್ಬಳು ಹೋಗುವಾಗ ಒಂದು, ಬರುವಾಗ ಒಂದು.

ಮದಾರಬೀ ಕಾಲುವೆಯ ತಳದಲ್ಲಿ ಕುಕ್ಕರಗಾಲಲ್ಲಿ ಕೂತರು. ಬೈಯಬೇಕು ಅನಿಸಿತಂತೆ, ಆದರೆ ಯಾರನ್ನು ಬೈಯುವುದು? ಎಲ್ಲರೂ ಒಳ್ಳೆಯದೇ ಮಾಡಿದ್ದರು. ಒಳ್ಳೆಯದು ಕೂಡಿ ಕೂಡಿ ತಮ್ಮ ಸೇತುವೆಯನ್ನು ಸೀಳಲು ಸಿದ್ಧವಾಗಿತ್ತು. "ಅಲ್ಲಾನ ಕಡಿ ನೋಡಿದೆ ರೀ ಅಕ್ಕಾ. ಮ್ಯಾಲ ಹಾಸುಬಂಡೆ ಕಾಣ್ತು" ಎಂದು ನನ್ನ ಹತ್ತಿರ ಹೇಳಿ ನಕ್ಕರು. ಆ ಹೊತ್ತಿನಲ್ಲಿ ಮಾತ್ರ ಅವರಿಗೆ ನಗು ಇರಲಿಲ್ಲ.

ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ ವಿಷಯ ಹೇಳಿದರು. ನೀರು ಬಂದರೆ ಮರ ಉಬ್ಬುತ್ತದೆ. ಬಿಗಿದ ಬೆಣೆ ಪಟ್ಟಿಯನ್ನು ಸೀಳುತ್ತದೆ. ಪಟ್ಟಿ ಸೀಳಿದರೆ ಕಾಲು ಅಗಲುತ್ತದೆ, ಬಂಡೆ ಕುಸಿಯುತ್ತದೆ. ಕಾಡಸಿದ್ದಪ್ಪನವರ ಮುಖ ಸಣ್ಣದಾಯಿತು.

"ಈಗೇನು ಮಾಡೋದು?" ಅಂದರು.

"ಬಡಿದವ್ರ ಬಂದು ಬಿಚ್ರಿ. ನನಗ ಇರೋದು ಎರಡ ಕೈ. ಹಿಂದಿಂದ, ಸಣ್ಣ ತುದೀ ಕಡಿಂದ ಏಟು ಹಾಕ್ರಿ. ಕಬ್ಬಿಣದ್ದು ಬ್ಯಾಡ, ಕಟಗಿ ಕೊಡತಿ ತಗೋರಿ. ಪಟ್ಟಿಗೆ ತಾಗಬಾರದು."

ಕಾಲುವೆಯಲ್ಲಿ ಆಗ ಜಾತ್ರೆಯೇ ನೆರೆಯಿತು. ಹೊನ್ನೂರಮ್ಮನವರ ಗುಂಪು ಪೂರ್ತಿ ಕೆಳಗಿಳಿಯಿತು. ಕೊಡತಿ ಸಾಲದೆ ಮನೆಗಳಿಂದ ಒನಕೆ, ಬಟ್ಟೆ ಒಗೆಯುವ ಕೋಲು ಬಂದವು.

"ಏ, ನಿನ್ನ ಬೆಣಿ ಅಲ್ಲ ಅದು, ನಂದು! ನಿಂದು ಆಕಡಿ."

"ಹಾಕೋವಾಗ ಎಷ್ಟು ಜೋರು ಹಾಕೀಯೇ ತಾಯಿ! ಗಂಡನ ಮ್ಯಾಲಿನ ಸಿಟ್ಟೆಲ್ಲಾ ಇದರ ಮ್ಯಾಲ ತೀರಿಸ್ಕೊಂಡೀ ಏನು?"

"ಹೂಂ ಮತ್ತ. ಅವನ ತೆಲಿ ಇಷ್ಟು ಗಟ್ಟಿ ಇಲ್ಲ."

ಹೊಸ ನೀರಿನ ದಾರಿ ನೋಡಿಕೊಂಡು ಹೇಮಾ ಜೀಪಿನಲ್ಲಿ ಬಂದರು. ವಿಷಯ ತಿಳಿದ ಕೂಡಲೇ ಮೇಲಿನ ತೂಬಿನವರಿಗೆ ಫೋನ್ ಹಚ್ಚಿದರು. ಬಿಟ್ಟ ನೀರನ್ನು ಹಿಂದಕ್ಕೆ ಕರೆಯಲಾಗದು, ಆದರೆ ಹಿಂದಿನಿಂದ ಬರುವುದನ್ನು ತಗ್ಗಿಸಿದರು. ಆಮೇಲೆ ಚಪ್ಪಲಿ ಬಿಟ್ಟು ಅವರೂ ಕೆಳಗಿಳಿದು, ಬೆಣೆ ಬಿಚ್ಚುವಾಗ ಪಟ್ಟಿ ಅಲುಗದಂತೆ ಹೆಗಲು ಕೊಟ್ಟು ನಿಂತರು. ಒಂದೊಂದೇ ಬೆಣೆ ಸಡಿಲವಾಯಿತು. ಸಡಿಲವಾದಾಗಲೆಲ್ಲ ಮದಾರಬೀ ಬಂದು ಬೆರಳಿಟ್ಟು ನೋಡಿ, ತಲೆ ಆಡಿಸಿ ಮುಂದಿನದಕ್ಕೆ ಹೋಗುತ್ತಿದ್ದರು.

ಉಳಿದದ್ದು ಮೂಲೆಯ ಕಾಲಿನ ಕೆಳಬೆಣೆ. ಕಾಡಸಿದ್ದಪ್ಪನವರು ಕೂಡಿಸಿದ್ದು. ಅವರು ಕಲ್ಲಿನಿಂದ ಬಡಿದಿರಲಿಲ್ಲ, ಮನೆಯಿಂದ ದೊಡ್ಡ ಸುತ್ತಿಗೆ ತಂದು ಬಡಿದಿದ್ದರು. ಎಷ್ಟು ಹೊಡೆದರೂ ಅದು ಜಗ್ಗಲಿಲ್ಲ. ಅಷ್ಟರಲ್ಲಿ ದಂಡೆಯ ಮೇಲಿನ ಹುಡುಗಿಯರು ಕೂಗಿದರು. ತರಗೆಲೆ, ನೊರೆ, ಕಸ ದಬ್ಬಿಕೊಂಡು ನೀರು ತಿರುವಿನಲ್ಲಿ ಕಾಣಿಸಿತು. ಹೆಂಗಸರೆಲ್ಲ ದಂಡೆ ಹತ್ತಿದರು. ಮದಾರಬೀ ಹತ್ತಲಿಲ್ಲ.

"ಬಾರವಾ ಮ್ಯಾಲ! ಒಂದು ಬೆಣಿ ತಾನ, ಹಾಳಾಗಿ ಹೋಗ್ಲಿ!" ಕಾಡಸಿದ್ದಪ್ಪ ಕೂಗಿದರು.

"ಒಂದು ಕಾಲು ಕುಂತ್ರ ಉಳದವು ನಿಲ್ತಾವೇನು ಕಾಕಾ? ಸುಮ್ನ ಇರ್ರಿ!"

ನೀರು ಪಾದ ಮುಟ್ಟಿತು, ಮೀನಖಂಡ ಮುಟ್ಟಿತು. ಅವರು ಸಣ್ಣ ಉಳಿ ತೆಗೆದರು. ಬೆಣೆ ಹೊರಗೆ ಬಾರದಿದ್ದರೆ ಬೆಣೆಯನ್ನೇ ಸೀಳಿ ತೆಗೆಯಬೇಕು, ಪಟ್ಟಿಗೆ ಉಳಿಯ ಮೊನೆ ತಾಗಬಾರದು. ತಾಗಿದರೆ ನೀರು ಮಾಡುವ ಕೆಲಸವನ್ನು ಉಳಿಯೇ ಮಾಡಿದ ಹಾಗೆ. ಬೆಣೆಯ ನಡುವಿನ ಎಳೆ ಹುಡುಕಿ ಉಳಿ ಇಟ್ಟು, ಮೆಲ್ಲಗೆ ತಟ್ಟಿದರು. ನೀರು ಮೊಣಕಾಲಿಗೆ ಬಂದು ಬೆಣೆಯನ್ನು ಮುಚ್ಚಿತು. ಇನ್ನು ಕಣ್ಣಿಗೆ ಕೆಲಸವಿರಲಿಲ್ಲ. ಎಡಗೈ ಬೆರಳನ್ನು ಉಳಿಯ ಪಕ್ಕಕ್ಕೆ ಆನಿಸಿ, ಬೆರಳು ಹೇಳಿದ ಹಾಗೆ ಬಲಗೈಯಿಂದ ತಟ್ಟುತ್ತ ಹೋದರು. ಹೇಮಾ ಇನ್ನೂ ಪಟ್ಟಿಗೆ ಹೆಗಲು ಕೊಟ್ಟೇ ನಿಂತಿದ್ದರು. ರಫೀಕ್ ಹೆಂಡತಿಯ ಸೊಂಟಕ್ಕೆ ಹಗ್ಗ ಕಟ್ಟಿ ದಂಡೆಯಲ್ಲಿ ಹಿಡಿದಿದ್ದರು. ತಮಾಷೆಯ ಒಂದು ಮಾತೂ ಅವರ ಬಾಯಿಂದ ಬರಲಿಲ್ಲ.

ಬೆಣೆಯ ಎರಡು ಹೋಳು ನೀರಿನ ಮೇಲೆ ತೇಲಿ ಬಂದವು. ಮದಾರಬೀ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಹೊಸ ಬೆಣೆಯನ್ನು ನೀರೊಳಗೇ ತೂರಿಸಿ, ಅಲುಗಿಸಿ ನೋಡಿ, ಬಿಟ್ಟರು. ಆಮೇಲೆ ಹೇಮಾ ಅವರ ಕೈ ಹಿಡಿದು ದಂಡೆ ಹತ್ತಿದರು. ಹೊನ್ನೂರಮ್ಮ ತಮ್ಮ ಸೆರಗಿನಿಂದಲೇ ಅವರ ಮುಖ ಒರೆಸಿದರು.

ಮಾರನೆಯ ದಿನ ಬೆಳಿಗ್ಗೆ ಕಾಲುವೆ ತುಂಬಿ ಹರಿಯುತ್ತಿತ್ತು. ಮದಾರಬೀ ಸೊಂಟಮಟ್ಟ ನೀರಿಗೆ ಇಳಿದು ಕೈ ಮುಟ್ಟುವ ಬೆಣೆಗಳನ್ನೆಲ್ಲ ಮುಟ್ಟಿ ಬಂದರು. ಒಂದೂ ಅಲುಗಲಿಲ್ಲ. ಮರ ಕುಡಿದಿತ್ತು.

ಮೊದಲ ಭಾರ ಸಸಿ ಕಟ್ಟುಗಳನ್ನು ತುಂಬಿದ ಟ್ರೇಲರ್. ಹೇಮಾ ಅರ್ಧ ಮಾತ್ರ ತುಂಬಿಸಿದ್ದರು. ಟ್ರ್ಯಾಕ್ಟರಿನ ಮೇಲೆ ರಫೀಕ್. ಮದಾರಬೀ ದಂಡೆಯ ಇಳಿಜಾರಿನಲ್ಲಿ ಮಲಗಿ ತಲೆಮರದ ತುದಿಗೆ ಕಿವಿ ಹಚ್ಚಿದರು. ಇನ್ನೊಂದು ಕಿವಿಯ ಹತ್ತಿರ ಫೋನು. ಸಿರುಗುಪ್ಪದ ಮಂಚದಿಂದ ಮಾಬುಸಾಬ್ ಕಿವಿಗೊಟ್ಟು ಕಾಯುತ್ತಿದ್ದರು. ಟ್ರ್ಯಾಕ್ಟರಿನ ಮುಂದಿನ ಗಾಲಿ ಬಂಡೆಯ ಮೇಲೆ ಬಂತು, ಹಿಂದಿನದು ಬಂತು. ಟ್ರೇಲರ್ ಸರಿಯಾಗಿ ನಡುವೆ ಬಂದಾಗ ಮರದೊಳಗಿಂದ ಉದ್ದನೆಯ ಒಂದು ನರಳಾಟ ಎದ್ದಿತು. ಆಮೇಲೆ ಸದ್ದಿಲ್ಲ. ಗಾಲಿಗಳು ಆಚೆ ದಂಡೆ ಮುಟ್ಟಿದವು.

"ಏನು ಸಪ್ಪಳಾತು?" ಮಾಬುಸಾಬ್ ಕೇಳಿದರು.

"ಒಮ್ಮೆ ನರಳಿತು ಅಬ್ಬಾ. ಆಮ್ಯಾಲ ಸುಮ್ಮನಾತು."

"ಅದರ ಹಿಂದ ಟಕ್ ಅಂತ ಸೀಳಿದ್ದು ಏನರ ಕೇಳ್ತೇನು?"

"ಏನೂ ಇಲ್ಲ."

"ಹಂಗಾದ್ರ ಭಾರ ಹೊತ್ತೈತಿ. ಎದ್ದು ಮುಖ ತೊಳಕೊ, ನಾಷ್ಟಾ ಮಾಡು" ಎಂದು ಫೋನ್ ಇಟ್ಟರು.

ಮದಾರಬೀ ಎದ್ದು ನಿಂತಾಗ ಸೀರೆಯ ತುಂಬ ಕೆಸರು. ಸುತ್ತ ಇದ್ದವರೆಲ್ಲ ಸೇತುವೆಯನ್ನು ಬಿಟ್ಟು ಅವರನ್ನು ನೋಡುತ್ತಿದ್ದರು. ಅವತ್ತಿನ ಮಾತು ಹೇಳುವಾಗ ಅವರು ಉಳಿಯನ್ನು ಕೆಳಗಿಟ್ಟು ಬೆನ್ನು ನೆಟ್ಟಗೆ ಮಾಡಿ ಕೂತರು. ದೇವರು ಕೊಟ್ಟ ಕೈಯ ಬಗ್ಗೆ ಹೆಮ್ಮೆ ಪಡುವುದು ತಪ್ಪಲ್ಲ ಎಂದು ನನಗೆ ಅವರ ಮುಖ ನೋಡಿಯೇ ಅನಿಸಿತು.

ಆ ವರ್ಷದ ನಾಟಿ ದಾಟಿತು, ಕೊಯ್ಲಿನ ಮೂಟೆಗಳೂ ದಾಟಿದವು. ಬೇಸಿಗೆಯಲ್ಲಿ ಹೊಸ ಸೇತುವೆಯ ಕೆಲಸ ಶುರುವಾದಾಗ ಮದಾರಬೀ ಕತ್ತರಿಗಾಲುಗಳನ್ನು ಬಿಚ್ಚಿದರು. ಒಂದು ಪಟ್ಟಿಯೂ ಸೀಳಿರಲಿಲ್ಲ. ಊರಿನವರು ಅವನ್ನು ಅವರಿಗೇ ಕೊಟ್ಟರು. ಕುರುಗೋಡಿನ ಕಡೆ ಒಂದು ಹಳ್ಳಿಯ ಕಾಲುವೆಯ ಸೇತುವೆ ಬಾಯಿ ಬಿಟ್ಟಿತ್ತು. ಆ ಊರಿನವರು ಸಿರುಗುಪ್ಪಕ್ಕೆ ಬಂದು ಮದಾರಬೀ ಅವರ ಮನೆ ಯಾವುದೆಂದು ವಿಚಾರಿಸಿದ್ದರು. ಅವೇ ಕಾಲುಗಳು ಅಲ್ಲಿ ನಿಂತವು.

ಹೋದ ಬೇಸಿಗೆಯಲ್ಲಿ ನಾನು ಅದನ್ನು ನೋಡಲು ಹೋದೆ. ನೀರು ಇನ್ನೂ ಬಂದಿರಲಿಲ್ಲ. ಸೇತುವೆಯ ನೆರಳಲ್ಲಿ ಒಂದು ಬಂಡೆಯ ಮೇಲೆ ಟವೆಲ್ ಹಾಸಿಕೊಂಡು ಕಾಡಸಿದ್ದಪ್ಪ ಕೂತಿದ್ದರು. ಯಾರೂ ಕರೆದಿರಲಿಲ್ಲವಂತೆ, ತಾವೇ ಬಸ್ಸು ಹತ್ತಿ ಬಂದಿದ್ದರು. ಆ ಊರಿನ ರೈತರೊಬ್ಬರು ಹಾದು ಹೋಗುವಾಗ ಬೆಣೆ ನೋಡಿ, ಬಗ್ಗಿ, ಕಲ್ಲು ಎತ್ತಿಕೊಂಡರು.

"ಏ! ಕಲ್ಲು ಕೆಳಗ ಹಾಕು! ಅದು ನೀರು ಕುಡೀಬೇಕು, ನಿನ್ನ ಏಟಲ್ಲ!"

"ಸಡ್ಲ ಐತಲ್ರಿ ಯಜಮಾನ್ರ?"

"ಸಡ್ಲ ಇರಬೇಕಂತನ ಬಿಟ್ಟಾಳ ಆಕಿ. ಯಾರು ಮಾಡಿದ್ದು ಗೊತ್ತೈತೇನು? ಸಿರುಗುಪ್ಪದ ಮದಾರಬೀ. ಹೋಗು ಹೋಗು, ಬ್ಯಾಗ ದಾಟು."

ಮೇಲೆ ತಲೆಮರ ಕೆತ್ತುತ್ತಿದ್ದ ಮದಾರಬೀ ದಂಡೆಯಿಂದ ಬಗ್ಗಿ ಕರೆದರು: "ಕಾಕಾ, ಊಟಕ್ಕ ಬರ್ರಿ. ರೊಟ್ಟಿ ಆರಾಕತ್ತಾವು."

"ಇಲ್ಲಿಗ ಕಳಿಸವಾ. ನಾ ಈ ಜಾಗ ಬಿಡಾಂಗಿಲ್ಲ."